ಸೊಂಟಕ್ಕೊಬ್ಬಳು ಸವತಿ

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮುನಿಯಕ್ಕ, ಮಕ್ಕಳನ್ನು ಕೂರಿಸಿ ತಳ್ಳುವ ಹೊಸ ಗಾಡಿಯಲ್ಲಿ ನಗುತ್ತಾ ಕೂತಿದ್ದ ಮೊಮ್ಮಗಳ ತೊಡೆ ಚಿವುಟಿದಳು. ಮಗ ಪೀಣ್ಯದ ಕಾರ್ಖಾನೆಯ ಬೋನಸ್ಸಿನಲ್ಲಿ ಆ ಗಾಡಿ ತಂದಂದಿನಿಂದ ಮಗು ಅವಳ ಸೊಂಟ ಹತ್ತಿರಲಿಲ್ಲ.

ಮಗು ಕಿಟಾರನೆ ಕಿರುಚಿದ್ದಕ್ಕೆ ಸೊಸೆ ಪುಟ್ಟಲಕ್ಷ್ಮಿ ಒಳಗಿನಿಂದ ಓಡಿಬಂದಳು. ಮುನಿಯಕ್ಕ ಆಗಲೇ ಮಗುವನ್ನು ಎತ್ತಿಕೊಂಡಿದ್ದಳು. "ನೋಡ್ದೇನಮ್ಮಿ? ನಮ್ಮಂಥೋರ ಮಕ್ಳಿಗೆ ಈ ದೊರೆಸಾನಿ ಗಾಡಿ ಒಗ್ಗಲ್ಲ."

"ಅಂಗಾದ್ರೆ ನಾಳೆನೇ ಅಂಗಡಿಗೆ ವಾಪಸ್ ಕೊಡಿಸ್ತೀನಿ ಬಿಡಿ, ಅತ್ತೆ."

ಗೆದ್ದೆನೆಂದು ಮುನಿಯಕ್ಕ ಬೀಗಿದಳು. ಆದರೆ ಮಗು, ತಾಯಿ ಕೈಚಾಚಿ ಕರೆದರೂ ಹೋಗದೆ, ಚಿವುಟಿದವಳ ಕೊರಳನ್ನೇ ಬಿಗಿಯಾಗಿ ತಬ್ಬಿಕೊಂಡು, ಅಲ್ಲೇ ಮುಖ ಹುದುಗಿಸಿ ಬಿಕ್ಕತೊಡಗಿತು. ಮುನಿಯಕ್ಕ ಸೊಸೆಯ ಮುಖ ನೋಡಲಾರದೆ ಅತ್ತ ತಿರುಗಿದಳು.

"ಗಾಡೀದು ಏನೂ ತಪ್ಪಿಲ್ಲ ಕಣೆ," ಅಂದಳು. "ಇರ್ಲಿ ಬಿಡು."