ತೊಟ್ಟಿಯ ಅಂಚು

“ಈ ಕಲ್ಲುತೊಟ್ಟಿಯ ಅಂಚಲ್ಲಿ ಹಳೇ ಬರಹ ಇದೆಯಂತಲ್ಲ ಮೇಷ್ಟ್ರೇ, ಅದನ್ನೊಂದು ತೋರಿಸಿಬಿಡಿ. ಇಲ್ಲಿ ಬರೋ ಹೊಸ ರಸ್ತೆ ಆಚೆ ತಿರುಗುತ್ತೆ, ನಿಮ್ಮ ಲಾಯ ಉಳಿಯುತ್ತೆ,” ಎಂದರು ಪುರಾತತ್ವ ಇಲಾಖೆಯ ಅಧಿಕಾರಿ. ಊರ ಮಕ್ಕಳಿಗೆಲ್ಲ ಕುದುರೆ ಸವಾರಿ ಕಲಿಸಿದ ಮೇಷ್ಟ್ರು ಅಂಚಿನ ಮೇಲಿಟ್ಟ ಅಂಗೈಯನ್ನು ತೆಗೆಯಲೇ ಇಲ್ಲ.

“ಅಂಚನ್ನ ಮುಚ್ಕೊಂಡು ನಿಂತಿದ್ದೀಯಲ್ಲಪ್ಪಾ, ಕೈ ತೆಗಿ!” ಮಗಳು ರೇಗಿದಳು.

ತೆಗೆದರು. ಕಲ್ಲು ನುಣ್ಣಗಿತ್ತು, ಒಂದಕ್ಷರವೂ ಇರಲಿಲ್ಲ. “ನಮ್ಮ ಕುರುಡಿ ಕುದುರೆ ತಡಕಾಡಿ ನೀರು ಕುಡಿಯೋವಾಗ ಅಕ್ಷರದ ಮೊನೆ ತುಟಿ ಕೊಯ್ತಿತ್ತು ಕಣಮ್ಮಾ. ಎರಡು ದಿನ ಕೂತು ನಾನೇ ಉಜ್ಜಿ ತೆಗೆದೆ.”

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಮೇಷ್ಟ್ರ ದನಿಯ ಜಾಡು ಹಿಡಿದು ಬಂದ ಮುದಿ ಕುದುರೆ, ಅವರ ಕೈಯಿದ್ದ ಜಾಗದಲ್ಲೇ ತುಟಿಯಾನಿಸಿ, ನಿಶ್ಚಿಂತೆಯಿಂದ ನೀರು ಕುಡಿಯತೊಡಗಿತು.