ಸಿದ್ದರಾಮಪ್ಪನ ಪಾಳಿ

ಅಣ್ಣ ಆಂಜನೇಯನನ್ನು ತಮ್ಮೂರು ದೇವದುರ್ಗದಲ್ಲಿ ಮಣ್ಣು ಮಾಡಿ ಬಂದ ದಿನ ಯಮನೂರಪ್ಪ ತಾಯಿಗೆ ಮಾತು ಕೊಟ್ಟಿದ್ದ: "ಯವ್ವಾ, ಅಣ್ಣಗ ಕುಡಿಸಿ ಕೊಂದಾವಗ ನನ್ನ ಕೈಯಾರ ವಿಷ ಕುಡಸ್ತೀನಿ."

ಕೊಂದವನು ಯಾರೆಂದು ಮಾನ್ವಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿದ್ದರಾಮಪ್ಪ ಕದ್ದು ಸೇಂದಿ ಮಾರುತ್ತಿದ್ದ. ಈಚಲ ಮರದ ರಸ ಅದರಲ್ಲಿ ಹೆಸರಿಗಷ್ಟೇ. ಉಳಿದದ್ದು ನೀರು ಮತ್ತು ಅಮಲೇರಿಸುವ ಬಿಳಿ ಪುಡಿ. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಆಂಜನೇಯ ಒಂದು ಸಂಜೆ ಅವನ ಕಟ್ಟೆಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಬಂದರೆ ನಾಳೆ ಕುಡಿಯುವುದೆಲ್ಲಿ?

ಯಮನೂರಪ್ಪ ಹೈದರಾಬಾದಿನಲ್ಲಿ ಹೋಟೆಲ್ ಕೆಲಸ ಕಲಿತು, ಅಲ್ಲಿಂದ ಐರ್ಲೆಂಡಿಗೆ ಹೋದ. ಕಡಲ ದಂಡೆಯ ಸಣ್ಣ ಊರೊಂದರ ಪಬ್ಬಿನಲ್ಲಿ ಗ್ಲಾಸು ತೊಳೆಯಲು ಸೇರಿದವನು ಬಹಳ ವರ್ಷ ಅಲ್ಲೇ ಇದ್ದು ಬಂದ. ಬಂದವನ ಬಾಯಲ್ಲಿ ಬೇರೆ ಮಾತಿಲ್ಲ. ಆ ಜನ ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರಂತೆ. ಇವನೂ ರಾಯಚೂರಿನ ಸಿಟಿ ಬಸ್ಸಿಳಿಯುವಾಗ ಹೇಳಿದ. "ಯಾಕಪಾ, ಟಿಕೀಟ್ ತಗೊಂಡಿಲ್ಲೇನು?" ಎಂದ ಡ್ರೈವರು.

ಅಲ್ಲಿ ಕಪ್ಪು ಬೀರನ್ನು ಎರಡು ಸಲಕ್ಕೆ ಸುರಿಯುತ್ತಾರೆ, ನಡುವೆ ನೊರೆ ಕೂರುವ ತನಕ ಕಾಯುತ್ತಾರೆ, ಕಾಯಲಾರದವನು ಕುಡಿಯಲಿಕ್ಕೂ ಲಾಯಕ್ಕಿಲ್ಲ ಎನ್ನುತ್ತಿದ್ದ. ಒಂದು ಸಂಗತಿಯನ್ನು ಮಾತ್ರ ತಾಯಿಗಷ್ಟೇ ಹೇಳಿದ. ಒಮ್ಮೆ ಪಬ್ಬಿನಲ್ಲಿ ಅಣ್ಣನ ಸಾವಿನ ಸುದ್ದಿ ಬಾಯಿಗೆ ಬಂತು. ಕೂತವರೆಲ್ಲ ಎದ್ದು ನಿಂತರು. ಯಾರೋ ಒಂದು ಗ್ಲಾಸು ತುಂಬಿ, ತಾವು ಕಂಡೇ ಇರದ ಆಂಜನೇಯನಿಗೆಂದು ಖಾಲಿ ಕುರ್ಚಿಯ ಮುಂದೆ ಇಟ್ಟರು.

ತಾಯಿ ಅಯ್ಯಮ್ಮ ಎಲ್ಲ ಕೇಳಿ ಅಂದಳು, "ಅವರು ಗ್ಲಾಸ್ ಇಟ್ರು. ನೀ ಏನ್ ಇಟ್ಟಿ?"

ಅವಳ ಸಿಟ್ಟಿಗೆ ಕಾರಣವಿತ್ತು. ಯಮನೂರಪ್ಪ ಮಾನ್ವಿಯಲ್ಲೇ ಮನೆ ಹಿಡಿದು ಸಿದ್ದರಾಮಪ್ಪನ ದೋಸ್ತನಾಗಿದ್ದ. ದಿನಾ ಅದೇ ಕಟ್ಟೆಯ ಮೇಲೆ ಕೂತು ಗಿರಾಕಿಗಳಿಗೆ ಐರ್ಲೆಂಡಿನ ಕಥೆ. ಸೇಂದಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮುಟ್ಟದವನು ಅಲ್ಲಿ ಇನ್ನೊಬ್ಬನಿದ್ದ: ಸಿದ್ದರಾಮಪ್ಪ. "ಮಿಠಾಯಿ ಮಾರಾವ ಮಿಠಾಯಿ ತಿಂತಾನೇನಲೇ?" ಎಂದು ನಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಯಮನೂರಪ್ಪ ಅವನನ್ನೂ ಕಟ್ಟೆಯ ಗಿರಾಕಿಗಳನ್ನೂ ಮನೆಗೆ ಕರೆದ. ಚಾಪೆಯ ಮೇಲೆ ಐರಿಶ್ ವಿಸ್ಕಿಯ ಎರಡು ಬಾಟಲಿ ಇಟ್ಟ. ಒಂದರ ಸೀಲು ಮೊದಲೇ ಒಡೆದಿತ್ತು. ಅಯ್ಯಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡಿದಳು. ಸಿದ್ದರಾಮಪ್ಪನೂ ನೋಡಿದ.

"ಹಳೇದೆಲ್ಲ ಮರತಿ ಹೌದಿಲ್ಲೋ ತಮ್ಮಾ? ಮೊದಲ ನೀ ಹೊಡಿ. ಆಮ್ಯಾಲ ನಾವು."

"ಅಲ್ಲಿ ಪದ್ಧತಿನ ಹಂಗ ಅದರೀ ಸಾವ್ಕಾರ್ರ. ಒಬ್ಬರಾದ ಮ್ಯಾಲ ಒಬ್ಬರದು ಪಾಳಿ. ಯಾರ ಪಾಳಿ ಬರ್ತದೋ ಅವರು ಎಲ್ಲಾರಿಗೂ ಕುಡಸ್ಬೇಕು. ಕುಡಸಾವ ಮೊದಲ ತನ್ನ ಗ್ಲಾಸ್ ಖಾಲಿ ಮಾಡಬೇಕು. ಪಾಳಿ ತಪ್ಪಿಸಿದಾವನ್ನ ಊರಾಗ ಯಾರೂ ಮಾತಾಡಸಂಗಿಲ್ಲ."

ಸೀಲು ಒಡೆದ ಬಾಟಲಿಯಿಂದಲೇ ತುಂಬಿ ಎತ್ತಿದ. "ಸ್ಲಾಂಚ!"

"ಹಂಗಂದ್ರೇನಲೇ?"

"ಆರೋಗ್ಯ ಅಂತ್ರೀ. ನಿಮ್ಮ ಆರೋಗ್ಯ."

ಗಟಗಟ ಕುಡಿದ. ಅಯ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನಿಗೆ ಏನೂ ಆಗಲಿಲ್ಲ. ಸಿದ್ದರಾಮಪ್ಪನ ಮುಖ ಸಡಿಲಾಯಿತು. ಕುಡಿದ, ಮತ್ತೆ ಕೇಳಿದ, ಮತ್ತೆ ಕುಡಿದ. ಬಾಟಲಿಗಳು ಬರಿದಾದವು.

"ಸಾವ್ಕಾರ್ರ, ಇನ್ನ ನಿಮ್ಮ ಪಾಳಿ!" ಎಂದು ತೊಡೆ ತಟ್ಟಿದ ಅಮೋಘಸಿದ್ದ. ಲಾರಿಗೆ ಮೂಟೆ ಹೊರುವವನು, ಕಟ್ಟೆಯ ಹಳೇ ಗಿರಾಕಿ.

"ಬಿಡೋ ಮಾರಾಯ," ಎಂದ ಯಮನೂರಪ್ಪ. "ಇಷ್ಟು ಮಂದಿಗೆ ವೈನ್ ಶಾಪಿಂದ ತರಸೋದಂದ್ರ ಸಾವ್ಕಾರ್ರಿಗೆ ಭಾರ ಆಗ್ತದ."

"ಯಾರಿಗಲೇ ಭಾರ? ಮನಿ ಮುಂದ ಹೊಳಿ ಹರಿಯಾಕತ್ತಾಗ ಬಾವಿ ಯಾಕ ತೋಡ್ಲಿ?" ಸಿದ್ದರಾಮಪ್ಪ ಅಡ್ಡೆಗೆ ಫೋನು ಮಾಡಿದ. ಕ್ಯಾನು ತುಂಬ ಸೇಂದಿ ಬಂತು. ತಾನೇ ಎಲ್ಲರ ಗ್ಲಾಸಿಗೂ ಸುರಿದ. ಯಾರೂ ಎತ್ತಲಿಲ್ಲ.

"ಕುಡೀರಲೇ. ಯಾಕ ಕುಂತ್ರಿ?"

"ಪಾಳಿ ನಿಮ್ಮದಲ್ರೀ? ಮೊದಲ ನೀವು," ಎಂದ ಅಮೋಘಸಿದ್ದ.

"ನನಗ ಸೇಂದಿ ಆಗಿಬರಂಗಿಲ್ಲ."

"ನಮಗ ದಿನಾ ಆಗಿಬರ್ತದ. ನಿಮಗ್ಯಾಕ ಆಗಿಬರಂಗಿಲ್ಲ?"

ನಗುತ್ತಲೇ ಕೇಳಿದ್ದ. ಕೇಳಿದ ಮೇಲೆ ಅವನ ನಗು ನಿಂತಿತು. ಉಳಿದವರದೂ ನಿಂತಿತು. ಎಲ್ಲರೂ ತಮ್ಮ ಮುಂದಿನ ಗ್ಲಾಸನ್ನು ಒಮ್ಮೆ, ಸಿದ್ದರಾಮಪ್ಪನನ್ನು ಒಮ್ಮೆ ನೋಡಿದರು. ಯಮನೂರಪ್ಪ ನೊರೆ ಕೂರಲೆಂದು ಕಾಯುವವನ ಹಾಗೆ ಕೂತಿದ್ದ.

ಕುಡಿಯದಿದ್ದರೆ ನಾಳೆ ಕಟ್ಟೆಗೆ ಯಾರೂ ಬರುವುದಿಲ್ಲ. ಆಂಜನೇಯ ಯಾಕೆ ಸತ್ತನೆಂದು ತಾನೇ ಬಾಯಿಬಿಟ್ಟು ಹೇಳಿದಂತೆ. ಸಿದ್ದರಾಮಪ್ಪ ಕಣ್ಣು ಮುಚ್ಚಿ ಗ್ಲಾಸು ಖಾಲಿ ಮಾಡಿದ. "ನೋಡ್ಕೋರ್ರಲೇ!" ಎಂದ. ಹಟಕ್ಕೆ ಇನ್ನೊಂದನ್ನೂ ಇಳಿಸಿದ. ಅಭ್ಯಾಸವಿಲ್ಲದ ಮೈ, ಹೊಟ್ಟೆಯಲ್ಲಿ ಆಗಲೇ ವಿಸ್ಕಿ. ಮತ್ತೊಂದಕ್ಕೆ ಕೈ ಚಾಚಿದವನು ಹಾಗೇ ಗೋಡೆಗೆ ಒರಗಿದ. ಬಾಯಂಚಿನಿಂದ ಜೊಲ್ಲು ಇಳಿಯಿತು. ರಾಯಚೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ ಉಸಿರು ನಿಂತಿತು.

ಈ ಸಲ ಸಾಕ್ಷಿ ಹೇಳಲು ಎಲ್ಲರೂ ಬಂದರು. ಸೇಂದಿ ಅವನದು, ತರಿಸಿದವನು ಅವನು, ಸುರಿದವನೂ ಅವನೇ.

ಪೊಲೀಸರು ಹೋದ ಮೇಲೆ ಅಯ್ಯಮ್ಮ ಮಗನ ಮುಂದೆ ರೊಟ್ಟಿಯ ತಟ್ಟೆ ಇಟ್ಟಳು. "ಆ ದೇಶದಾಗ ಖರೇನ ಹಂಗ ಅದೇನೋ? ಕುಡಸಾವನ ಮೊದಲ ಕುಡೀಬೇಕಂತ?"

"ಪಾಳಿ ಖರೇ ಅದ ಬೇ ಯವ್ವಾ. ಮೊದಲ ಕುಡಿಯೋದು ಇಲ್ಲ. ಆ ಮಂದಿ ಬಗ್ಗೆ ನಾ ಹೇಳಿದ ಸುಳ್ಳು ಅದೊಂದ."

ತನ್ನ ಕೈಯಾರೆ ವಿಷ ಕುಡಿಸುತ್ತೇನೆಂದು ತಾಯಿಗೆ ಕೊಟ್ಟ ಮಾತನ್ನು ಯಮನೂರಪ್ಪ ನಡೆಸಲಿಲ್ಲ.