ಕಂಬದ ಮರೆ

ಎರಡು ವರ್ಷದಿಂದ ಕಂಬದ ಹಿಂದೆಯೇ ಕೂರುತ್ತಿದ್ದ ದ್ರೌಪದಿ ಆ ಭಾನುವಾರ ಸೀದಾ ಬಂದು ಮುಂದಿನ ಬೆಂಚಿನ ಮೇಲೆ ಕುಳಿತಳು. ಪೂಜೆ ಮುಗಿದು, ಫಾದರ್ ಮೋಟರ್‌ಸೈಕಲ್ ಹತ್ತಿ ಜೇವರ್ಗಿಯ ದಾರಿ ಹಿಡಿದರೂ ಏಳಲಿಲ್ಲ. ನೆಲೋಗಿಯ ಆ ತಗಡಿನ ಚರ್ಚಿಗೆ ಬರುವುದೇ ಹದಿನೈದು ಮನೆಯವರು. ಯಾರು ಎಲ್ಲಿ ಕೂರುತ್ತಾರೆ ಎಂಬುದು ಉಪದೇಶಿ ದತ್ತಪ್ಪನಿಗೆ ಬಾಯಿಪಾಠ. ಮಕ್ಕಳಿಗೆ ಮೂವತ್ತು ವರ್ಷ ಧರ್ಮದ ಪಾಠ ಹೇಳಿದ ಮುದುಕ; ಕಂಡದ್ದನ್ನು ಕೇಳದೆ ಬಿಡುವ ಆಸಾಮಿಯಲ್ಲ.

"ಯಾಕ ಬೇ ದ್ರೌಪದಿ, ಇವತ್ತ ಕಂಬಕ್ಕ ಸೋಡಚೀಟಿ ಕೊಟ್ಟಿಯೇನು?"

ಅವಳು ಪೀಠದ ಕಡೆ ಗಲ್ಲ ಎತ್ತಿ ತೋರಿಸಿದಳು. ಉಪವಾಸದ ಕಾಲ ಮುಗಿಯುತ್ತ ಬಂದಿತ್ತು. ವಾಡಿಕೆಯಂತೆ ಶಿಲುಬೆಗೂ ಮಾತೆಯ ಮೂರ್ತಿಗೂ ದತ್ತಪ್ಪನೇ ಶನಿವಾರ ನೇರಳೆ ಬಟ್ಟೆ ಹೊದಿಸಿದ್ದ.

"ಈಗ ಅವ ನೋಡಂಗಿಲ್ಲಲ್ರಿ ಕಾಕಾ. ಅದಕ್ಕ ಮುಂದ ಬಂದೆ."

ದತ್ತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹುಚ್ಚಿ, ನಾ ಹೊಚ್ಚಿದ ನೇರಳೆ ಅರಿವಿಗೆ ದೇವರ ಕಣ್ಣ ಮುಚ್ಚತಾವೇನು? ಹುಡುಗ್ರು ವಾರಾ ವಾರಾ ಒದರತಾವ, ಕೇಳಿಲ್ಲೇನು? ಹೇಳು, ದೇವರು ಎಲ್ಲಿದ್ದಾನೆ?"

"ಎಲ್ಲೆಲ್ಲೂ ಇದ್ದಾನೆ."

"ಮತ್ತ?"

"ಎಲ್ಲವನ್ನೂ ನೋಡುತ್ತಾನೆ, ಎಲ್ಲವನ್ನೂ ಬಲ್ಲನು," ಎಂದು ಪುಸ್ತಕದಲ್ಲಿದ್ದ ಹಾಗೆಯೇ ಒಪ್ಪಿಸಿದಳು. ಆಮೇಲೆ ಸೆರಗು ಎಳೆದುಕೊಂಡು ಎದ್ದು, ಹೋಗಿ ಮತ್ತೆ ಕಂಬದ ಹಿಂದೆ ಕುಳಿತಳು. ದತ್ತಪ್ಪನ ನಗು ಅಲ್ಲಿಗೇ ನಿಂತಿತು. ಸರಿ ಉತ್ತರ ಹೇಳಿ ಹೀಗೆ ಎದ್ದು ಹೋದವರನ್ನು ಅವನು ನೋಡಿರಲಿಲ್ಲ. ಮಂಡಿ ಹಿಡಿದುಕೊಂಡು ಹೋಗಿ, ಕಂಬದ ಈಚೆ ಬದಿಗೆ ನೆಲದ ಮೇಲೆ ಕುಳಿತ.

"ಏನಾಗೇದ ಹೇಳು, ತಂಗಿ."

"ನಮ್ಮತ್ತಿ ಸತ್ತ ದಿನಾರಿ. ಜ್ವಾಳದ ರಾಶಿ ಮುಗಿಸಿ ಬಂದು ಮಧ್ಯಾಹ್ನ ಆಗಷ್ಟ ಅಡ್ಡಾಗಿದ್ದೆ. ಹಾಸಿಗಿ ಹಿಡಿದಾಕಿ ಹೊರಸಿನ ಮ್ಯಾಲಿಂದ, ನೀರ ಕೊಡ ಬೇ, ಅಂದ್ಳು. ಮುಂಜಾನಿಂದ ಹತ್ತ ಸಲ ಕೊಟ್ಟಿದ್ದೆ. ಕೇಳಿಸ್ತು. ಕಣ್ಣ ಮುಚ್ಚಿ ಮಲಗಿದಂಗ ಮಾಡಿದೆ. ಎದ್ದು ನೋಡೂದ್ರಾಗ ಹೋಗಿಬಿಟ್ಟಿದ್ಳು. ಸೊಸಿ ಅಂದ್ರ ಹಿಂಗಿರಬೇಕು ಅಂತ ಊರ ಮಂದಿ ಇವತ್ತಿಗೂ ಹೊಗಳತಾರ. ನೋಡಿದಾಂವ ಅವನೊಬ್ಬನೇ."

"ಫಾದರ್ ಮುಂದ ಪಾಪನಿವೇದನಿ ಮಾಡಿಲ್ಲೇನು?"

"ಅವರ ಮುಂದ ಹೇಳಬೇಕಂದ್ರ ಅವನ ಮುಂದ ಹೋಗಬೇಕಲ್ರಿ."

ಅವಳಿಗೆ ನಾಚಿಕೆಯಾಗಿತ್ತು, ಎರಡು ವರ್ಷದಿಂದ ಆಗುತ್ತಲೇ ಇತ್ತು. ದತ್ತಪ್ಪ ಆಮೇಲೆ ಕೇಳಿದ ಪ್ರಶ್ನೆ ಅವನ ಪುಸ್ತಕದಲ್ಲಿ ಇರಲಿಲ್ಲ.

"ಆ ಮಧ್ಯಾಹ್ನ ದೇವರು ಎಲ್ಲಿ ನಿಂತಿದ್ದ?"

"ನನ್ನ ತಲಿ ಕಡೇರಿ. ನನ್ನೇ ನೋಡಕೋತ."

"ಮತ್ತ ಹೊರಸಿನ ಕಡೆ ಯಾರಿದ್ದರು?"

ದ್ರೌಪದಿ ಕಂಬದ ಮರೆಯಿಂದ ಇಣುಕಿ ಅವನ ಮುಖ ನೋಡಿದಳು.

"ಎಲ್ಲಾ ಕಡೆ ಅಂದ್ರ ಹೊರಸಿನ ಕಡೇನೂ ಬಂತಲ್ಲ ಬೇ. ನಿನ್ನ ತಪ್ಪ ಹಿಡಿಯಾಕಷ್ಟ ಆ ಮನಿಗಿ ಬಂದಿದ್ದ ಅಂತ ತಿಳಕೊಂಡೀಯೇನು? ನಿಮ್ಮತ್ತಿ ಒಬ್ಬಾಕೀನೇ ಹೋಗಿಲ್ಲ."

ಆಗ ಅವಳು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟೂ ಬಂತು. "ಹಂಗಿದ್ರ ಅವ ನನ್ನ ಎಬ್ಬಿಸಬೇಕಾಗಿತ್ತು."

"ಎಚ್ಚರಿದ್ದಾಕಿನ್ನ ಯಾರ ಎಬ್ಬಿಸ್ಯಾರು? ಈಗ ಎಬ್ಬಿಸಾಕತ್ಯಾನ. ಏಳು, ಮನಿಗಿ ನಡಿ."

ಶುಭಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಗಡು ಕಾದ ಹಂಚಾಗಿತ್ತು. ದ್ರೌಪದಿ ಎಲ್ಲರಿಗಿಂತ ಮೊದಲು ಬಂದು, ಫಾದರ್ ಬಳಿ ಮೊಣಕಾಲೂರಿ ಹೇಳುವುದನ್ನು ಹೇಳಿ, ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಯೇಸುಸ್ವಾಮಿಯ ಪಾಡಿನ ಕಥೆ ಓದುವಾಗ, ಶಿಲುಬೆಯ ಮೇಲಿನಿಂದ ಅವನು ನೀರು ಕೇಳಿದ ಕಡೆ ತಲೆ ತಗ್ಗಿಸಿದಳು. ಆಮೇಲೆ ಫಾದರ್ ನೇರಳೆ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. ಮೊದಲು ತಲೆ, ನಂತರ ಒಂದು ಕೈ, ಕಡೆಗೆ ಮೈಯೆಲ್ಲ. ದತ್ತಪ್ಪ ಶಿಲುಬೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿ ಆ ಮುಖವನ್ನೇ ನೋಡುತ್ತಿದ್ದಳು, ಕಂಬದ ಕಡೆ ತಿರುಗಲಿಲ್ಲ.

ಪ್ರಾರ್ಥನೆ ಮುಗಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅತ್ತೆಯ ಹಿತ್ತಾಳೆ ತಂಬಿಗೆ, ಕಂಠಮಟ್ಟ ನೀರು.

"ಯಾರಿಗ ಬೇ ಅದು?" ಎಂದ ದತ್ತಪ್ಪ.

"ಯಾರ ಕೇಳತಾರೋ ಅವರಿಗ್ರಿ."